ಪ್ಲೇ ಸಿಲ್ಕ್ ಒಗೆಯೋದು ಹೇಗೆ? ಬಣ್ಣ ಬಿಡ್ತಿದೆ, ಬಟ್ಟೆ ಒರಟಾಗ್ತಿದೆ

ಪುಟ್ಟಿಯಮ್ಮ, ಬೆಂಗಳೂರು

ಇಲ್ಲಿ ಯಾರಾದ್ರೂ ಮಕ್ಕಳಿಗೆ ಪ್ಲೇ ಸಿಲ್ಕ್ ಕೊಟ್ಟಿದೀರಾ? ಗೊತ್ತಿಲ್ದೋರಿಗೆ ಹೇಳ್ತೀನಿ, ತೆಳ್ಳನೆ ರೇಷ್ಮೆ ಚೌಕ, ಹತ್ತತ್ರ ಮೂರಡಿಗೆ ಮೂರಡಿ, ಒಂದೇ ಬಣ್ಣದ್ದು ಇಲ್ಲಾ ಕಾಮನಬಿಲ್ಲಿನ ತರ ಬಣ್ಣ ಹಾಕಿರ್ತಾರೆ, ಮಕ್ಕಳು ಅದನ್ನೇ ಸೀರೆ, ಹೊಳೆ, ಡೇರೆ, ಗೊಂಬೆ ಜೋಳಿಗೆ, ರಾಜನ ಪೇಟ ಏನ್ ಬೇಕೋ ಅದು ಮಾಡ್ಕೊಂಡು ಆಡ್ತಾರೆ. ವಾಲ್ಡಾರ್ಫ್ ಅಂತ, ಕಲ್ಪನೆಯ ಆಟ ಕೈಕೆಲಸಕ್ಕೆ ಒತ್ತು ಕೊಡೋ ಶಾಲೆಗಳಿವೆಯಲ್ಲ, ಅಲ್ಲಿ ಜಾಸ್ತಿ ನೋಡ್ತೀರ. ನಮ್ಮ ನಾದಿನಿ ಅಮೆರಿಕದಿಂದ ಬರುವಾಗ ಒಂದು ಕಟ್ಟು ತಂದ್ಲು, ಆಮೇಲೆ ಪುಟ್ಟಿ ಹೋಗೋ ಪ್ಲೇಸ್ಕೂಲಿನ ಮೇಳದಲ್ಲಿ ಇನ್ನೆರಡು ತಗೊಂಡ್ವಿ, ಒಂದು ಕೆಂಪು ಒಂದು ಹಳದಿ.

ಈಗ ವಿಷ್ಯ ಏನಂದ್ರೆ ಇವು ದಿನಾ ನೆಲದ ಮೇಲೆ ಬಾಲ್ಕನಿ ಮೇಲೆ ಗಿಡದ ಕುಂಡದ ಮೇಲೆ ಎಲ್ಲಾ ಕಡೆ ಓಡಾಡ್ತವೆ, ಚಿತ್ರಾನ್ನದ ಕೈ, ಜೊಲ್ಲು, ಕ್ರೇಯಾನ್ ಎಲ್ಲಾ ಆಗಿದೆ. ಮನೇಲಿ ಬೇರೆ ಬಟ್ಟೆ ಜೊತೆ ಮಾಮೂಲಿ ಪೌಡರಲ್ಲೇ ಹೋಗ್ತಿತ್ತು, ನಮ್ಮದು ಬೋರ್‌ವೆಲ್ ನೀರು. ನಾದಿನಿ ತಂದಿದ್ದು ಮೊದ್ಲು ಕೈಯಲ್ಲಿ ನಿಲ್ಲದಷ್ಟು ನುಣುಪಿತ್ತು, ಈಗ ಒಂಥರಾ ಒಣಕಲು, ಹೊಳಪೇ ಇಲ್ಲ. ಆ ಮೇಳದಲ್ಲಿ ತಗೊಂಡ ಕೆಂಪುದು ಹಳದಿದರ ಮೇಲೆ ಬಣ್ಣ ಬಿಟ್ಟು ಹಳದಿ ಮಚ್ಚೆ ಮಚ್ಚೆ ಆಗಿದೆ. ಡ್ರೈ ಕ್ಲೀನಿಗೆ ಕೊಡೋಕೆ ಇಷ್ಟ ಇಲ್ಲ, ಇನ್ನೊಂದು ಎಂಟು ತಿಂಗಳ ಕೂಸಿದೆ, ಕಂಡಿದ್ದೆಲ್ಲಾ ಬಾಯಿಗೆ. ಏನ್ ಮಾಡ್ಲಿ ಹೇಳಿ.

ಮಗ್ಗದಮನೆ, ದೊಡ್ಡಬಳ್ಳಾಪುರ

ಅಕ್ಕ ಮೊದ್ಲು ಆ ಪೌಡರ್ ನಿಲ್ಸಿ. ನಮ್ಮದು ಮಗ್ಗದ ಮನೆ, ರೇಷ್ಮೆ ಹಾಳಾಗೋದನ್ನ ಚಿಕ್ಕಂದಿನಿಂದ ನೋಡಿದೀನಿ, ನೀರಿಂದ ಹಾಳಾಗಿದ್ದು ಕಮ್ಮಿ, ಸೋಪಿಂದ ಹಾಳಾಗಿದ್ದೇ ಜಾಸ್ತಿ.

ರೇಷ್ಮೆ ಅಂದ್ರೆ ಪ್ರೋಟೀನು, ನಮ್ಮ ತಲೆಕೂದಲಿದ್ದಂಗೆ. ಮಾಮೂಲಿ ಬಟ್ಟೆ ಪೌಡರಲ್ಲಿ ಸೋಡಾ ಇರತ್ತೆ, ಕ್ಷಾರ ಅದು, ಕಾಟನ್ ತಡ್ಕೊಳತ್ತೆ, ರೇಷ್ಮೆ ತಡ್ಕೊಳಲ್ಲ. ಅದರ ಮೇಲೆ ಈಗ ಕಲೆ ತೆಗೆಯುತ್ತೆ ಅಂತ ಬರೋ ಪೌಡರು ಲಿಕ್ವಿಡ್ಡು ಬಹಳಷ್ಟರಲ್ಲಿ ಎಂಜೈಮ್ ಹಾಕಿರ್ತಾರೆ. ಅದ್ರಲ್ಲಿ ಪ್ರೋಟಿಯೇಸ್ ಅಂತ ಒಂದಿದೆ, ಪ್ರೋಟೀನ್ ಒಡೆಯೋದೇ ಅದರ ಕೆಲಸ, ರಕ್ತ ಹಾಲು ಮೊಟ್ಟೆ ಕಲೆಗೆ ಅಂತ ಹಾಕಿರೋದು. ಕಲೆ ಯಾವ್ದು ಬಟ್ಟೆ ಯಾವ್ದು ಅಂತ ಅದಕ್ಕೇನ್ ಗೊತ್ತಾಗತ್ತೆ ಹೇಳಿ, ಸಿಕ್ಕಿದ್ದನ್ನ ತಿನ್ನತ್ತೆ. ಒಂದೇ ಸಲಕ್ಕೆ ತೂತು ಬೀಳಲ್ಲ, ಒಗೀತಾ ಒಗೀತಾ ಹೊಳಪು ಹೋಗತ್ತೆ, ಬಟ್ಟೆ ಬಡಕಲಾಗತ್ತೆ, ಆಮೇಲೆ ಒಂದಿನ ಮಗು ಜಗ್ಗಿದ್ರೆ ಪರ್ರ್ ಅಂತ ಹರ್ಯತ್ತೆ.

ಇನ್ನೊಂದು ವಿಷ್ಯ ಇದೆ. ಗೂಡಿಂದ ಬಿಚ್ಚಿದ ನೂಲಿನ ಮೇಲೆ ಸೆರಿಸಿನ್ ಅನ್ನೋ ಗೋಂದಿರತ್ತೆ, ತೂಕದಲ್ಲಿ ಹೆಚ್ಚು ಕಮ್ಮಿ ಕಾಲು ಭಾಗ. ಸೋಪು ಸೋಡಾ ನೀರಲ್ಲಿ ಕಾಯಿಸಿ ಅದನ್ನ ತೆಗೀತಾರೆ, ಆಗಲೇ ರೇಷ್ಮೆ ಮೆತ್ತಗಾಗೋದು, ಹೊಳಪು ಬರೋದು. ಹಂಗಾದ್ರೆ ಸೋಡಾದಲ್ಲಿ ಏನೂ ಆಗಲ್ವಲ್ಲ ಅಂತ ಕೆಲವರು ವಾದ ಮಾಡ್ತಾರೆ. ಅಲ್ಲಿ ಎಷ್ಟು ಸೋಡಾ ಎಷ್ಟು ಹೊತ್ತು ಅಂತ ಲೆಕ್ಕ ಇಟ್ಟು ಮಾಡ್ತಾರೆ, ಗೋಂದು ಹೋದ ತಕ್ಷಣ ತೆಗೆದು ತೊಳೀತಾರೆ. ನಿಮ್ಮ ಪ್ಲೇ ಸಿಲ್ಕಲ್ಲಿ ಗೋಂದು ಯಾವತ್ತೋ ಹೋಗಿದೆ, ಈಗ ಸೋಡಾ ಬಿದ್ರೆ ಒಳಗಿನ ಎಳೆಗೇ ನೇರ ಏಟು.

ತೆಳು ಬೇರೆ ನೋಡಿ ಇವು. ಹೊರಗಡೆ ದೇಶದಲ್ಲಿ ರೇಷ್ಮೆ ತೂಕನ ಮಾಮಿ ಅನ್ನೋ ಲೆಕ್ಕದಲ್ಲಿ ಹೇಳ್ತಾರೆ, ಒಂದು ಮಾಮಿ ಅಂದ್ರೆ ಚದರ ಮೀಟರಿಗೆ ಸುಮಾರು 4.3 ಗ್ರಾಂ. ಪ್ಲೇ ಸಿಲ್ಕು ಹೆಚ್ಚಾಗಿ 5 ಇಲ್ಲಾ 8 ಮಾಮಿ. ಅಂದ್ರೆ 90 ಸೆಂಟಿಮೀಟರ್ ಚೌಕ ಒಂದು 8 ಮಾಮಿದು 28 ಗ್ರಾಂ ಬರಬೇಕು, 5 ಮಾಮಿದು 18 ಗ್ರಾಂ ಕೂಡ ಇಲ್ಲ. ಅಷ್ಟು ತೆಳು ಬಟ್ಟೆನ ಜೀನ್ಸ್ ಜೊತೆ ಹಾಕಿದ್ರೆ ಹೆಂಗೆ.

ಕೂಗಟೆ ಅಜ್ಜಿ, ಮೈಸೂರು

ಮಗ್ಗದಮನೆ ಹೇಳಿದ್ದು ಸರಿ ಇದೆ ಕಣಮ್ಮ. ನಮ್ಮ ಮನೇಲಿ ಪಟ್ಟೆ ಸೀರೆ, ಮಡಿ ಪಂಚೆ ಯಾವತ್ತೂ ಸೋಪು ಕಂಡಿಲ್ಲ, ಅಂಟುವಾಳದ ಕಾಯಿಲೇ ಒಗೀತಿದ್ದಿದ್ದು, ನಾವು ಕೂಗಟೆಕಾಯಿ ಅಂತೀವಿ. ಒಂದಾರೇಳು ಕಾಯಿ ಬೀಜ ತೆಗೆದು ರಾತ್ರಿ ಬಿಸಿನೀರಲ್ಲಿ ನೆನೆಹಾಕು, ಬೆಳಿಗ್ಗೆ ಚೆನ್ನಾಗಿ ಕಿವುಚಿ ಬಟ್ಟೇಲಿ ಸೋಸ್ಕೋ, ಅರ್ಧ ಬಕೆಟ್ ತಣ್ಣೀರಿಗೆ ಹಾಕಿ ನೊರೆ ಬರೋ ಹಂಗೆ ಕಲಸು. ಬಟ್ಟೆ ಅದರಲ್ಲಿ ಅದ್ದಿ ಮೇಲೆ ಕೆಳಗೆ ಆಡಿಸಿ ಐದು ನಿಮಿಷಕ್ಕೆ ತೆಗಿ. ಉಜ್ಜಬೇಡ, ಕುಕ್ಕಬೇಡ, ಹಿಂಡಬೇಡ. ರೇಷ್ಮೆ ಒದ್ದೆ ಆದಾಗ ಒಣಗಿದ್ದಕ್ಕಿಂತ ಶಕ್ತಿ ಕಮ್ಮಿ. ಎರಡು ಕೈಯಲ್ಲಿ ಅದುಮಿ ನೀರು ತೆಗೆದು ಒಣ ಟವೆಲ್ಲಲ್ಲಿ ಚಾಪೆ ಸುತ್ತಿದ ಹಾಗೆ ಸುತ್ತಿ ಒತ್ತಿಬಿಡು, ಆಮೇಲೆ ನೆರಳಲ್ಲಿ ಹರವು.

ಒಂದು ಮಾತು, ಬಿಳಿ ಅಥವಾ ತೀರಾ ತಿಳಿ ಬಣ್ಣದ್ದಿದ್ರೆ ಕಾಯಿ ನೀರು ಗಟ್ಟಿಯಾಗಿ ಹಾಕಬೇಡ, ಕಂದು ಛಾಯೆ ಕೂರತ್ತೆ. ಮತ್ತೆ ಮಗು ಪಕ್ಕದಲ್ಲಿ ಕೂತಿದ್ರೆ ನೊರೆ ಕಣ್ಣಿಗೆ ಹೋಗದ ಹಾಗೆ ನೋಡ್ಕೋ, ಸೀಗೆಕಾಯಿ ತರನೇ ಉರಿಯತ್ತೆ.

ಜರ್ಸಿ ಕನ್ನಡತಿ

ಅಜ್ಜಿ ಇಲ್ಲಿ ನನಗೆ ಕೂಗಟೆಕಾಯಿ ಇಂಡಿಯನ್ ಸ್ಟೋರಲ್ಲಿ ಪುಡಿ ಮಾಡಿರೋದು ಸಿಗತ್ತೆ, ಅದನ್ನ ಸೋಸೋದೇ ದೊಡ್ಡ ರಾಮಾಯಣ 😄 ನಾನು ಮೆಶಿನ್ನಿಗೇ ಹಾಕೋದು. ಒಗೆಯೋ ಜಾಲರಿ ಚೀಲದಲ್ಲಿ ಸಿಲ್ಕ್ ಮಾತ್ರ, ಡೆಲಿಕೇಟ್ ಸೈಕಲ್, ತಣ್ಣೀರು, ಸ್ಪಿನ್ ಕಡಿಮೆ, ಉಣ್ಣೆ ರೇಷ್ಮೆಗೆ ಅಂತ ಇರೋ ಎಂಜೈಮ್ ಇಲ್ಲದ ಲಿಕ್ವಿಡ್ ಒಂದು ಚಮಚ. ಕಡುಬಣ್ಣ ಬೇರೆ ಚೀಲ. ಚೀಲ ಇಲ್ದೆ ಹಾಕಿದ್ರೆ ಪಕ್ಕದ ಬಟ್ಟೆಯ ಝಿಪ್ಪು, ಹುಕ್ಕು ಸಿಕ್ಕೊಂಡು ಎಳೆ ಕಿತ್ಕೊಳತ್ತೆ. ಡ್ರೈಯರ್ ಬೇಡ, ಹಾಕಲೇಬೇಕಂದ್ರೆ ಬಿಸಿ ಇಲ್ದೆ ಬರೀ ಗಾಳಿ. ಆದ್ರೆ ನಿಜ ಹೇಳ್ಬೇಕಂದ್ರೆ ಇದು ಗಂಟೆ ಅರ್ಧ ಗಂಟೆಲಿ ತಾನಾಗೇ ಒಣಗತ್ತೆ, ಶವರ್ ರಾಡಿನ ಮೇಲೆ ಹಾಕಿದ್ರೆ ಮುಗೀತು.

ಇಂಡಿಯಾದಲ್ಲಿ ಇದ್ದಾಗ ಈಜಿ, ಜೆಂಟೀಲ್ ತರದ್ದು ಬಳಸ್ತಿದ್ವಿ. ಏನೂ ಇಲ್ಲ ಅಂದ್ರೆ ಮಗುವಿನ ಶಾಂಪೂನೇ ಒಂದು ಚಮಚ ಸಾಕು, ಕಂಡೀಷನರ್ ಸೇರಿರೋದು ಬೇಡ, ಅದು ಬಟ್ಟೆ ಮೇಲೆ ಪದರ ಕಟ್ಟತ್ತೆ. ಫ್ಯಾಬ್ರಿಕ್ ಸಾಫ್ಟ್ನರ್ ಕೂಡ ಬೇಡ, ಅದೇ ಕಥೆ.

ಪುಟ್ಟಿಯಮ್ಮ, ಬೆಂಗಳೂರು

ಥ್ಯಾಂಕ್ಸ್ ಎಲ್ರಿಗೂ. ಆಗಲೇ ಒರಟಾಗಿರೋದು ಮತ್ತೆ ಸರಿ ಹೋಗತ್ತಾ? ಮತ್ತೆ ಆ ಕೆಂಪು ಬಣ್ಣ? ನಮ್ಮತ್ತೆ ಉಪ್ಪುನೀರಲ್ಲಿ ನೆನೆಹಾಕು ಬಣ್ಣ ಕೂರತ್ತೆ ಅಂತಾರೆ.

ಬಣ್ಣದ ಬಕೆಟ್, ಸಿರ್ಸಿ

ನಾನು ಮನೇಲೇ ಬಣ್ಣ ಹಾಕೋಳು, ಪ್ಲೇ ಸಿಲ್ಕು, ಸ್ಟೋಲು ಎಲ್ಲಾ. ಸ್ವಲ್ಪ ಉದ್ದ ಆಗತ್ತೆ ಕ್ಷಮಿಸಿ.

ಒರಟಾಗಿದ್ದಕ್ಕೆ ಎರಡು ಕಾರಣ ಇರಬಹುದು. ಎಳೆಯೇ ಸವೆದಿದ್ರೆ ಏನೂ ಮಾಡಕ್ಕಾಗಲ್ಲ. ಆದ್ರೆ ನಿಮ್ಮದು ಬೋರ್ ನೀರು ಅಂದ್ರಲ್ಲ, ಗಡಸು ನೀರಲ್ಲಿ ಇರೋ ಕ್ಯಾಲ್ಶಿಯಂ ಸೋಪಿನ ಜೊತೆ ಸೇರಿ ಕರಗದೇ ಇರೋ ಕೆನೆ ತರದ್ದು ಆಗತ್ತೆ, ಬಕೆಟ್ ಅಂಚಲ್ಲಿ ಬೂದಿ ಬಣ್ಣದ್ದು ಅಂಟ್ಕೊಂಡಿರತ್ತಲ್ಲ ಅದೇ. ಅದು ಬಟ್ಟೆ ಮೇಲೂ ಕೂತಿರತ್ತೆ, ಹೊಳಪು ಮುಚ್ಚತ್ತೆ, ಅದು ಹೋಗತ್ತೆ. ಅರ್ಧ ಬಕೆಟ್ ನೀರಿಗೆ ಎರಡು ಚಮಚ ಬಿಳಿ ವಿನಿಗರ್ ಹಾಕಿ ಹತ್ತು ನಿಮಿಷ ಬಿಟ್ಟು ಆಮೇಲೆ ಎರಡು ಸಲ ಬರೀ ನೀರಲ್ಲಿ ಜಾಲಿಸಿ. ಮಳೆನೀರು ಹಿಡಿದಿಟ್ಟಿದ್ರೆ ಕೊನೇ ಜಾಲಾಟಕ್ಕೆ ಅದು, ಕಾವೇರಿ ನೀರಿದ್ರೂ ಆಯ್ತು. ರೇಷ್ಮೆಗೆ ಹುಳಿ ಒಗ್ಗತ್ತೆ, ಕ್ಷಾರ ಒಗ್ಗಲ್ಲ, ಇಷ್ಟು ನೆನಪಿದ್ರೆ ಅರ್ಧ ಕೆಲಸ ಆದಂಗೆ. ಕೂಗಟೆಕಾಯಿ ಒಗ್ಗೋದೂ ಅದಕ್ಕೇ, ಅದರ ನೀರು ಸಣ್ಣ ಹುಳಿ.

ಉಪ್ಪಿನ ವಿಷ್ಯ. ಅತ್ತೆಯವರಿಗೆ ಬೇಜಾರಾಗಬಾರದು, ಉಪ್ಪು ಕೆಲಸ ಮಾಡೋದು ಕಾಟನ್ನಿಗೆ ಬಣ್ಣ ಹಾಕೋ ಹೊತ್ತಲ್ಲಿ, ಬಣ್ಣ ನೀರಿಂದ ಬಟ್ಟೆಗೆ ಹೋಗಕ್ಕೆ ಸಹಾಯ ಮಾಡತ್ತೆ. ಬಣ್ಣ ಹಾಕಿ ಮುಗಿದ ರೇಷ್ಮೆನ ಉಪ್ಪುನೀರಲ್ಲಿ ನೆನೆಸಿದ್ರೆ ಏನೂ ಕೂರಲ್ಲ. ರೇಷ್ಮೆಗೆ ಹಾಕೋದು ಹೆಚ್ಚಾಗಿ ಆಸಿಡ್ ಡೈ, ಹೆಸರು ಕೇಳಿ ಹೆದರಬೇಡಿ, ಹುಳಿ ನೀರಲ್ಲಿ ಬಿಸಿಯಲ್ಲಿ ಕೂರೋ ಬಣ್ಣ ಅಂತ ಅಷ್ಟೆ. ಹುಳಿ ಮತ್ತೆ ಬಿಸಿ ಎರಡೂ ಬೇಕು. ವಿನಿಗರ್ ಹಾಕಿ ಹತ್ತತ್ರ ಕುದಿಯೋ ಮುಂಚಿನ ಬಿಸಿ, 85 ಡಿಗ್ರಿ ಅಂದ್ಕೊಳಿ, ಅರ್ಧ ಗಂಟೆ ಇಡಬೇಕು, ಆಮೇಲೆ ನೀರು ತಿಳಿ ಆಗೋವರೆಗೂ ಜಾಲಿಸಬೇಕು. ಮೇಳದಲ್ಲಿ ಮಾರೋ ಕೆಲವು ಬಟ್ಟೆಗೆ ಈ ಎರಡರಲ್ಲಿ ಒಂದು ತಪ್ಪಿರತ್ತೆ, ಇಲ್ಲಾ ಬಣ್ಣ ಅಗತ್ಯಕ್ಕಿಂತ ಜಾಸ್ತಿ ಹಾಕಿರ್ತಾರೆ. ಕೆಂಪು, ಮಜೆಂಟಾ, ನವಿಲು ಬಣ್ಣ ಯಾವಾಗ್ಲೂ ಅನುಮಾನವೇ.

ಕೆಂಪನ್ನ ಒಂದೇ ಬಕೆಟ್ಟಲ್ಲಿ ಒಂಟಿಯಾಗಿ ಜಾಲಿಸ್ತಾ ಹೋಗಿ. ನೀರು ತಿಳಿ ಆದ್ರೆ ಸರಿ, ಅದು ಮೇಲಿನ ಸಡಿಲ ಬಣ್ಣ ಅಷ್ಟೆ. ಪ್ರತಿ ಸಲನೂ ಅಷ್ಟೇ ಕೆಂಪು ಬರ್ತಿದೆ ಅಂದ್ರೆ ಹಳೇ ಸ್ಟೀಲ್ ಪಾತ್ರೆಲಿ, ಮತ್ತೆ ಅಡುಗೆಗೆ ಬಳಸದೇ ಇರೋದ್ರಲ್ಲಿ, ವಿನಿಗರ್ ಹಾಕಿ ಮೇಲೆ ಹೇಳಿದ ಹಾಗೆ ಬಿಸಿ ಮಾಡಿ ನೋಡಿ, ಆಸಿಡ್ ಡೈ ಆಗಿದ್ರೆ ಕೂರತ್ತೆ. ಬೇರೆ ಬಣ್ಣ ಆಗಿದ್ರೆ ಕೂರಲ್ಲ. ಆಗ ಕೂಸಿನ ಕೈಗೆ ಅದನ್ನ ಕೊಡಲೇಬೇಡಿ, ಕಿಟಕಿಗೆ ತೋರಣ ಮಾಡಿ. ಅಜೋ ಅನ್ನೋ ಕೃತಕ ಬಣ್ಣಗಳಲ್ಲಿ ಕೆಲವು ಕೆಟ್ಟವು ಅಂತ ಭಾರತದಲ್ಲೂ ಯುರೋಪಲ್ಲೂ ನಿಷೇಧ ಇದೆ, ಆದ್ರೆ ಹೆಸರಿಲ್ಲದ ಪೊಟ್ಟಣದಲ್ಲಿ ಏನಿತ್ತು ಅಂತ ನಮಗ್ಯಾರಿಗೆ ಗೊತ್ತು. ಜೊಲ್ಲಲ್ಲಿ ಬಣ್ಣ ಬಿಡೋ ಬಟ್ಟೆ ಬಾಯಿಗೆ ಬೇಡ. ಪರೀಕ್ಷೆ ಸುಲಭ, ಬಿಳಿ ಕಾಟನ್ ಒದ್ದೆ ಮಾಡಿ ಅದರ ಮೇಲೆ ತಿಕ್ಕಿ ನೋಡಿ.

ಮಚ್ಚೆ ಬಿದ್ದ ಹಳದಿಗೆ ಇಸ್ತ್ರಿ ಹಾಕಿಲ್ಲ ತಾನೇ? ಹಾಕಿಲ್ಲ ಅಂದ್ರೆ ತಣ್ಣೀರು ಶಾಂಪೂಲಿ ಅರ್ಧ ಗಂಟೆ ಬಿಟ್ರೆ ಒಂದಷ್ಟು ಹೋಗಬಹುದು. ಬ್ಲೀಚ್ ಕಡೆ ಮಾತ್ರ ನೋಡಲೇಬೇಡಿ, ಕ್ಲೋರಿನ್ ಬ್ಲೀಚಲ್ಲಿ ರೇಷ್ಮೆ ಕರಗೇ ಹೋಗತ್ತೆ, ಇದು ಉತ್ಪ್ರೇಕ್ಷೆ ಅಲ್ಲ. ಹೋಗದೇ ಇದ್ರೆ ಕಿತ್ತಳೆ ಬಣ್ಣ ಮೇಲೆ ಹಾಕ್ಬಿಡಿ, ಮಚ್ಚೆನೇ ಡಿಸೈನ್ ಆಗತ್ತೆ. ನನ್ನ ಹತ್ರ ಬರೋ ಹಳೇ ಸಿಲ್ಕಿಗೆಲ್ಲ ಇದೇ ಗತಿ, ಮಕ್ಕಳಿಗಂತೂ ಹೊಸದು ಸಿಕ್ಕಷ್ಟೇ ಖುಷಿ.

ಧಾರ್ವಾಡ ಪೇಡೆ

ಅಕ್ಕಾರ ಭಾಳ ಛಲೋ ಹೇಳೀರಿ. ನಂದೊಂದು ಸವಾಲ್ ಐತ್ರೀ. ನಮ್ಮ ಹುಡುಗನ ಸಾಲ್ಯಾಗ ಅರಿಷಿಣದಾಗ ಅದ್ದಿದ ಸಿಲ್ಕ್ ಕೊಟ್ಟಾರ, ಕೆಮಿಕಲ್ ಇಲ್ಲ ಅಂತ. ಮನ್ಯಾಗ ಒಗದ್ರ ಒಮ್ಮಿಂದೊಮ್ಮೆಲೆ ಕೆಂಪಗಾತು ನೋಡ್ರಿ! ನಾ ಗಾಬರಿ ಆಗಿ ನಮ್ಮ ಅವ್ವಗ ತೋರ್ಸಿದ್ರ ಆಕಿ ನಕ್ಕೋಂತ ಕುಂತಾಳ, ಓಕುಳಿ ಆಡೀಯೇನು ಅಂತ.

ಬಣ್ಣದ ಬಕೆಟ್, ಸಿರ್ಸಿ

ನಿಮ್ಮ ಅವ್ವಂಗೆ ಗೊತ್ತಿದೆ 😀 ಅರಿಶಿನಕ್ಕೆ ಸುಣ್ಣ ಸೇರಿದ್ರೆ ಕೆಂಪಾಗತ್ತಲ್ಲ, ಆರತಿ ನೀರು ಮಾಡೋದೂ ಹಾಗೇ ತಾನೇ. ನಿಮ್ಮ ಸೋಪಲ್ಲಿ ಕ್ಷಾರ ಇದೆ ಅಂತ ಬಟ್ಟೆನೇ ಹೇಳ್ತಿದೆ. ನಿಂಬೆಹಣ್ಣೋ ವಿನಿಗರೋ ಹಾಕಿದ ನೀರಲ್ಲಿ ಅದ್ದಿ, ಮತ್ತೆ ಹಳದಿಗೆ ತಿರುಗತ್ತೆ. ಬಣ್ಣ ಕೂರಿಸಕ್ಕೆ ಪಟಿಕ ಹಾಕ್ತಾರೆ, ಅರಿಶಿನ ಅದಿಲ್ದೇನೂ ರೇಷ್ಮೆ ಹಿಡಿಯತ್ತೆ, ಆದ್ರೆ ಬಿಸಿಲಿಗೆ ನಿಲ್ಲಲ್ಲ, ಬೇಗ ಸಪ್ಪಗಾಗತ್ತೆ. ಗಟ್ಟಿ ಹಳದಿ ಬೇಕಂದ್ರೆ ದಾಳಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ ವಾಸಿ, ಈರುಳ್ಳಿದು ಬಂಗಾರ ಕಿತ್ತಳೆ ಕಡೆ ಹೋಗತ್ತೆ. ಇವಕ್ಕೆ ಬಟ್ಟೆ ತೂಕದ ನೂರಕ್ಕೆ ಹತ್ತು ಹದಿನೈದು ಭಾಗ ಪಟಿಕ, ಅಂದ್ರೆ ಒಂದು ಪ್ಲೇ ಸಿಲ್ಕಿಗೆ ಮೂರ್ನಾಲ್ಕು ಗ್ರಾಂ ಅಷ್ಟೆ, ಕಣ್ಣಳತೆಲಿ ಮುಷ್ಟಿ ಹಾಕಿದ್ರೆ ಬಟ್ಟೆ ಅಂಟಂಟು. ಬೀಟ್‌ರೂಟ್ ಅಂತೂ ಹೋಗ್ಲಿ ಬಿಡಿ, ಎರಡು ಒಗೆತಕ್ಕೆ ಮಾಯ. ಮೈಲುತುತ್ತ ಹಾಕಿದ್ರೆ ಹಸಿರು ಚೆನ್ನಾಗಿ ಬರತ್ತೆ ಅಂತ ಹೇಳೋರಿದಾರೆ, ಮಕ್ಕಳ ಬಟ್ಟೆಗೆ ಅದು ಖಂಡಿತಾ ಬೇಡ.

ಎರಡ್ ಮಕ್ಳ ಅಪ್ಪ

ಒಂದ್ ಮಾತ್ ಕೇಳ್ತೀನಿ ಬೈಬೇಡಿ. ಇಷ್ಟೆಲ್ಲಾ ಸರ್ಕಸ್ ಯಾಕೆ, ಒಂದು ಹಳೇ ಕಾಟನ್ ದುಪಟ್ಟಾ ಕೊಟ್ರೆ ಆಗಲ್ವಾ? ಅಮೆರಿಕದಲ್ಲಿ ಒಂದಕ್ಕೆ 20 ಡಾಲರ್ ಆಸುಪಾಸು ಇದು. ಹುಳ ಸಾಯಿಸಿ ಮಾಡಿದ ಬಟ್ಟೆನ ಮಗು ಕೈಗೆ ಕೊಟ್ಟು ಪ್ರಕೃತಿ ಜೊತೆ ಬೆಳೀತಿದೆ ಅಂತಾರೆ, ನನಗಂತೂ ನಗು ಬರತ್ತೆ.

ಜರ್ಸಿ ಕನ್ನಡತಿ

ಬೈಯಲ್ಲ, ನ್ಯಾಯವಾದ ಪ್ರಶ್ನೆನೇ. ನನ್ನ ಮಗ ಕಾಟನ್ ದುಪಟ್ಟಾ ಇಟ್ಕೊಂಡೂ ಆಡ್ತಾನೆ. ಆದ್ರೆ ಸಿಲ್ಕು ಗಾಳಿಲಿ ಎಸೆದ್ರೆ ನಿಧಾನಕ್ಕೆ ಇಳಿಯತ್ತೆ, ಬೆಳಕು ಅದರಲ್ಲಿ ತೂರಿ ಬರತ್ತೆ, ಮುಖದ ಮೇಲೆ ಹಾಕ್ಕೊಂಡು ಬಣ್ಣದ ಲೋಕ ನೋಡ್ತಾನೆ, ಕಾಟನ್ನಲ್ಲಿ ಅದಾಗಲ್ಲ. ಪಾಲಿಯೆಸ್ಟರ್ ಶಿಫಾನು ಹಾಗೇ ಕಾಣತ್ತೆ, ಇಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಒಣ ಮನೇಲಿ ಚಟಚಟ ಕರೆಂಟು ಹೊಡೆದು ಕೂದಲೆಲ್ಲಾ ನಿಂತ್ಕೊಳತ್ತೆ. ಸಿಲ್ಕಲ್ಲೂ ಸ್ವಲ್ಪ ಇದೆ, ಇಲ್ಲ ಅನ್ನಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ

ಹುಳ ಸಾಯಿಸೋದು ನಿಜ ಸಾರ್, ಗೂಡೊಳಗೆ ಕೋಶ ಇರುವಾಗಲೇ ಬೇಯಿಸಿ ನೂಲು ಬಿಚ್ಚೋದು, ಚಿಟ್ಟೆ ಗೂಡು ತೂತು ಮಾಡ್ಕೊಂಡು ಆಚೆ ಬಂದ್ರೆ ಎಳೆ ತುಂಡಾಗತ್ತೆ. ಇಲ್ದಿದ್ರೆ ಒಂದು ಗೂಡಲ್ಲಿ ಸಾವಿರ ಮೀಟರ್ ಆಸುಪಾಸು ಒಂದೇ ಎಳೆ ಸಿಗತ್ತೆ. ಮನಸ್ಸಿಗೆ ಒಗ್ಗದವರು ಎರಿ ರೇಷ್ಮೆ ತಗೋಬಹುದು, ಅದರ ಗೂಡು ಒಂದು ಕಡೆ ತೆರೆದೇ ಇರತ್ತೆ, ಚಿಟ್ಟೆ ಹೋದ ಮೇಲೆ ಹತ್ತಿ ತರ ನೂತು ಮಾಡ್ತಾರೆ. ಆದ್ರೆ ಅದು ದಪ್ಪ, ಶಾಲಿನ ತರ, ಗಾಳಿಲಿ ತೇಲಲ್ಲ. ಹಾಗಂತ ಹಿಪ್ಪುನೇರಳೆ ಬೆಳೆದು ಬದುಕ್ತಿರೋ ನಮ್ಮಂತೋರ ಮನೆಗೆ ಬಂದು ಒಂದ್ಸಲ ನೋಡಿ ನಗಿ, ಅಷ್ಟೇ ಹೇಳೋದು.

ಎರಡ್ ಮಕ್ಳ ಅಪ್ಪ

ಸರಿ ಗುರು, ನಗಲ್ಲ. ಅಂದಂಗೆ ನಮ್ಮಮ್ಮನ ಹಳೇ ರೇಷ್ಮೆ ಸೀರೆ ಟ್ರಂಕಲ್ಲಿ ಬಿದ್ದಿದಾವೆ, ಅದನ್ನ ಕತ್ತರಿಸಿ ಕೊಟ್ರೆ?

ಕೂಗಟೆ ಅಜ್ಜಿ, ಮೈಸೂರು

ಕತ್ತರಿ ಹಾಕೋ ಮುಂಚೆ ಅಮ್ಮನ್ನ ಕೇಳಿದೀಯೇನಪ್ಪ?

ಮಗ್ಗದಮನೆ, ದೊಡ್ಡಬಳ್ಳಾಪುರ

ಅಜ್ಜಿ ಹೇಳಿದ್ದು ಮೊದಲನೇ ಪರೀಕ್ಷೆ. ಎರಡನೇದು, ಮಡಿಕೆ ಜಾಗ ಬೆಳಕಿಗೆ ಹಿಡಿದು ನೋಡಿ, ವರ್ಷಗಟ್ಟಲೆ ಒಂದೇ ಮಡಿಕೇಲಿ ಇದ್ರೆ ಅಲ್ಲಿ ಸೀಳಿರತ್ತೆ, ಮೆತ್ತಗೆ ಎಳೆದ್ರೇ ಬಿಟ್ಕೊಳತ್ತೆ. ಜರಿ ಅಂಚು, ಸೆರಗು ತೆಗೆದುಬಿಡಿ, ಲೋಹದ ಎಳೆ ಮಗು ಮುಖಕ್ಕೆ ಗೀರತ್ತೆ, ಸವೆದ ಜರಿ ಅಂತೂ ಇನ್ನೂ ಚುಚ್ಚತ್ತೆ. ಒಳಮೈ ಮಾತ್ರ ಮೀಟರ್ ಚೌಕ ಕತ್ತರಿಸಿ ಅಂಚು ಮಡಿಚಿ ಹೊಲಿಸಿ. ಮೈಸೂರು ಕ್ರೇಪ್ ಆದ್ರೆ ಮುದ್ದೆ ಮಾಡಿದ್ರೂ ಸುಕ್ಕು ಕಮ್ಮಿ, ಗೊಂಬೆಗೆ ಜೋಲಿ ಕಟ್ಟಕ್ಕೆ ಡೇರೆ ಹಾಕಕ್ಕೆ ಚೆನ್ನ. ಒಗೆಯುವಾಗ ಮೊದಲ ಸಲ ಒಂಟಿಯಾಗೇ ಒಗೀರಿ, ಡ್ರೈ ವಾಶ್ ಮಾತ್ರ ಕಂಡ ಸೀರೆ ನೀರಲ್ಲಿ ಏನ್ ಬಣ್ಣ ಬಿಡತ್ತೋ ಯಾರಿಗೂ ಗೊತ್ತಿರಲ್ಲ.

ಕುಡ್ಲದ ಅಪ್ಪ

ನಮ್ಮಲ್ಲಿ ಪ್ರಶ್ನೆಯೇ ಬೇರೆ ಮಾರಾಯ್ರೆ. ಜೂನ್ ತಿಂಗಳಲ್ಲಿ ಒಗೆದದ್ದು ಒಣಗುವುದೇ ಇಲ್ಲ, ಒಣಗಿದ್ದು ಕೂಡ ಕಪಾಟಿನಲ್ಲಿ ಮುಗ್ಗಲು ವಾಸನೆ ಬರ್ತದೆ, ಬೂಷ್ಟು ಚುಕ್ಕೆ ಸಹ ಬಂದದ್ದುಂಟು. ನನ್ನ ಹೆಂಡತಿ ನುಸಿಗುಳಿಗೆ ಹಾಕುವ ಅಂತ ಹೇಳ್ತಾಳೆ. ಹಾಕಬಹುದಾ?

ಮಕ್ಕಳ ವಾರ್ಡ್ ಸಿಸ್ಟರ್

ನುಸಿಗುಳಿಗೆ ಬೇಡ ಬೇಡ. ಅದು ನ್ಯಾಫ್ತಲೀನ್. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋ ಮಕ್ಕಳಿಗೆ ಅದರಿಂದ ರಕ್ತದ ಕೆಂಪು ಕಣ ಒಡೆದು ಕಾಮಾಲೆ, ರಕ್ತಹೀನತೆ ಆಗತ್ತೆ, ಹಸುಗೂಸಿಗೆ ಆ ಗುಳಿಗೆ ಜೊತೆ ಇಟ್ಟ ಬಟ್ಟೆ ಸುತ್ತಿದ್ದಕ್ಕೇ ಆಗಿದ್ದಿದೆ. ಕೊರತೆ ಇದೆ ಅಂತ ಎಷ್ಟೋ ಮನೇಲಿ ಗೊತ್ತೇ ಇರಲ್ಲ. ಅದೂ ಅಲ್ದೆ ಬಿಳಿ ಗುಂಡು ಮಗು ಕಣ್ಣಿಗೆ ಪೆಪ್ಪರ್‌ಮಿಂಟೇ.

ಇಲ್ಲಿ ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡ್ತೀನಿ, ಪುಟ್ಟಿಯಮ್ಮ ಅವರೇ, ಎಂಟು ತಿಂಗಳ ಕೂಸಿಗೆ ಈ ಬಟ್ಟೆ ನಿಮ್ಮ ಕಣ್ಣೆದುರಲ್ಲಿ ಮಾತ್ರ. ಮಲಗೋ ಜಾಗದಲ್ಲಿ, ತೊಟ್ಟಿಲಲ್ಲಿ ಇಡಬೇಡಿ. ದೊಡ್ಡ ಮಗುಗೂ ಕುತ್ತಿಗೆಗೆ ಗಂಟು ಹಾಕಿ ಸೂಪರ್‌ಮ್ಯಾನ್ ಮಾಡಬೇಡಿ, ರೇಷ್ಮೆ ಗಂಟು ಬಿಗಿ ಆದ್ರೆ ಬಿಚ್ಚಕ್ಕೆ ಬರಲ್ಲ. ಭುಜಕ್ಕೆ ಕ್ಲಿಪ್ ಹಾಕಿ ಇಲ್ಲಾ ಸೊಂಟಕ್ಕೆ ಸಿಕ್ಕಿಸಿ, ಜಗ್ಗಿದ್ರೆ ಬಿಟ್ಕೋಬೇಕು. ಜಾರುಬಂಡಿ, ಉಯ್ಯಾಲೆ ಹತ್ರ ಬಟ್ಟೆ ತಗೊಂಡು ಹೋಗದ ಹಾಗೆ ನೋಡ್ಕೊಳಿ.

ಕೂಗಟೆ ಅಜ್ಜಿ, ಮೈಸೂರು

ಸಿಸ್ಟರಮ್ಮ ಒಳ್ಳೇದು ಹೇಳಿದ್ರಿ. ಕುಡ್ಲದೋರೆ, ಮಳೆಗಾಲದಲ್ಲಿ ಒಗೆಯೋದನ್ನೇ ಕಮ್ಮಿ ಮಾಡಿ, ಆಟ ಆದ್ಮೇಲೆ ಕೊಡವಿ ಫ್ಯಾನ್ ಕೆಳಗೆ ಹರವಿದ್ರೆ ಸಾಕು. ಪೂರ್ತಿ ಒಣಗಿದೆ ಅಂತ ಖಾತ್ರಿ ಆಗೋ ತನಕ ಮಡಿಚಬಾರದು. ಪ್ಲಾಸ್ಟಿಕ್ ಕವರ್ ಬೇಡ, ಹಳೇ ಪಂಚೆ ಬಟ್ಟೇಲಿ ಸುತ್ತಿಡಿ. ಒಣಗಿದ ಬೇವಿನಸೊಪ್ಪು, ಲಾವಂಚದ ಬೇರು ಸಣ್ಣ ಬಟ್ಟೇಲಿ ಕಟ್ಟಿ ಪಕ್ಕದಲ್ಲಿಡಿ, ರೇಷ್ಮೆಗೆ ನೇರ ತಾಗದ ಹಾಗೆ. ಗಂಜಿ ಹಾಕಬೇಡಿ, ಬೆಳ್ಳಿಹುಳ ಗಂಜಿ ವಾಸನೆಗೆ ಓಡಿ ಬರತ್ತೆ. ಜೊಲ್ಲು, ಎಣ್ಣೆ, ಊಟದ ಕಲೆ ಇರೋದನ್ನ ಹಾಗೇ ಎತ್ತಿಟ್ರೂ ಅಷ್ಟೇ, ಹುಳು ತೂತು ಮಾಡೋದು ಮೊದ್ಲು ಆ ಜಾಗನೇ.

ಪುಟ್ಟಿಯಮ್ಮ, ಬೆಂಗಳೂರು

ಸಿಸ್ಟರ್, ನೀವು ಹೇಳಿದ್ದು ಓದಿ ತೊಟ್ಟಿಲ ಮೇಲೆ ಕಟ್ಟಿದ್ದ ಸಿಲ್ಕ್ ಬಿಚ್ಚಿ ಹಾಕಿದೆ. ವಿನಿಗರ್ ಮಾಡಿದೆ, ನಾದಿನಿ ತಂದಿದ್ದರಲ್ಲಿ ಮೆತ್ತಗಾಗಿದ್ದು ನಿಜ, ನೀಲಿ ಒಂದು ಮಾತ್ರ ಹಾಗೇ ಒಣಕಲು, ಬಹುಶಃ ಅದು ಸವೆದೇ ಹೋಗಿದೆ. ಕೆಂಪು ಇನ್ನೂ ಬಣ್ಣ ಬಿಡ್ತಾನೇ ಇದೆ, ತೋರಣಕ್ಕೇ ಹೋಗತ್ತೆ ಅನ್ಸತ್ತೆ. ಕಲೆಗಳ ಬಗ್ಗೆ ಯಾರಾದ್ರೂ ಹೇಳಿ, ಚಿತ್ರಾನ್ನ ಮತ್ತೆ ಕ್ರೇಯಾನ್. ಮತ್ತೆ ಇಸ್ತ್ರಿ.

ಬಣ್ಣದ ಬಕೆಟ್, ಸಿರ್ಸಿ

ಚಿತ್ರಾನ್ನದಲ್ಲಿ ಎಣ್ಣೆ ಅರಿಶಿನ ಎರಡೂ ಇದೆ, ಎರಡಕ್ಕೂ ಬೇರೆ ಬೇರೆ ಉಪಚಾರ. ಮೊದ್ಲು ಟಾಲ್ಕಂ ಪೌಡರ್ ಇಲ್ಲಾ ಕಾರ್ನ್‌ಫ್ಲೋರ್ ಉದುರಿಸಿ ಒಂದು ಗಂಟೆ ಬಿಟ್ಟು ಕೊಡವಿ, ಎಣ್ಣೆ ಹೀರ್ಕೊಳತ್ತೆ. ಆಮೇಲೆ ಶಾಂಪೂ ಹನಿ ಹಾಕಿ ಬೆರಳಲ್ಲಿ ತಟ್ಟಿ, ಉಜ್ಜಿದ್ರೆ ಅಲ್ಲಿ ಎಳೆ ಎದ್ದು ಬೆಳ್ಳಗೆ ಕಾಣತ್ತೆ. ಉಳಿದ ಹಳದಿ ಬಿಸಿಲಿಗೆ ಹೋಗತ್ತೆ ಅಂತಾರೆ, ಹೋಗತ್ತೆ ನಿಜ, ಜೊತೆಗೆ ಬಟ್ಟೆ ಬಣ್ಣನೂ ಹೋಗತ್ತೆ, ಬಿಳಿ ರೇಷ್ಮೆ ಆದ್ರೆ ಬಿಸಿಲಿಗೆ ಹಳದಿಗೇ ತಿರುಗತ್ತೆ. ಹಾಗಾಗಿ ಬೆಳಗಿನ ಎಳೆಬಿಸಿಲು ಸ್ವಲ್ಪ ಹೊತ್ತು, ಆ ಜಾಗ ಮಾತ್ರ. ಪೂರ್ತಿ ಹೋಗದಿದ್ರೆ ಬಿಟ್ಬಿಡಿ, ಆಟದ ಬಟ್ಟೆ ತಾನೇ.

ಹಾಲು, ವಾಂತಿ, ಮೊಟ್ಟೆ, ರಕ್ತ ಇದ್ರೆ ತಣ್ಣೀರು ಮಾತ್ರ, ಬಿಸಿನೀರು ಹಾಕಿದ್ರೆ ಕಲೆ ಬೆಂದು ಕೂರತ್ತೆ. ಮೂತ್ರ ಬಿದ್ರೆ ಆಗಲೇ ಜಾಲಿಸಿ, ಬಿಟ್ಟಷ್ಟೂ ಅಮೋನಿಯಾ ಆಗಿ ಕ್ಷಾರಕ್ಕೆ ತಿರುಗತ್ತೆ. ಕೆಸರು, ಕೆಮ್ಮಣ್ಣು ಆದ್ರೆ ಒದ್ದೆ ಇರುವಾಗ ಮುಟ್ಟಲೇಬೇಡಿ, ಒಣಗಲಿ, ಆಮೇಲೆ ಕೊಡವಿದ್ರೆ ಮುಕ್ಕಾಲು ಪಾಲು ಉದುರತ್ತೆ. ಕ್ರೇಯಾನಿಗೆ ಫ್ರೀಜರಲ್ಲಿ ಸ್ವಲ್ಪ ಹೊತ್ತಿಟ್ಟು ಮೇಣ ಉಗುರಲ್ಲಿ ಬಿಡಿಸಿ, ಉಳಿದಿದ್ದಕ್ಕೆ ಮೇಲೆ ಕೆಳಗೆ ಅಚ್ಚಿಲ್ಲದ ಕಾಗದ ಇಟ್ಟು ಸಣ್ಣ ಬಿಸಿ ಇಸ್ತ್ರಿ, ಮೇಣ ಕಾಗದಕ್ಕೆ ಬರತ್ತೆ, ಬಣ್ಣ ಸ್ವಲ್ಪ ಉಳಿಯತ್ತೆ. ಪೇಪರ್ ಅಂತ ನ್ಯೂಸ್‌ಪೇಪರ್ ಇಡ್ಬೇಡಿ, ರಾಜಕೀಯದ ಸುದ್ದಿ ಎಲ್ಲಾ ಸಿಲ್ಕ್ ಮೇಲೆ ಅಚ್ಚಾಗತ್ತೆ.

ಇಸ್ತ್ರಿ ಒಂದು ಪಸೆ ಇರುವಾಗಲೇ ಸಿಲ್ಕ್ ನಂಬರಲ್ಲಿ. ಒಣಗಿದ್ಮೇಲೆ ಮಾಡ್ತೀರ ಅಂದ್ರೆ ನೀರು ಚಿಮುಕಿಸ್ಬೇಡಿ, ಹನಿ ಬಿದ್ದಲ್ಲೆಲ್ಲಾ ಉಂಗುರದ ತರ ಗುರುತು ನಿಲ್ಲತ್ತೆ. ಪೂರ್ತಿ ಅದ್ದಿ ಟವೆಲಲ್ಲಿ ಒತ್ತಿ ಮಾಡಿ. ನಾನಂತೂ ಮಾಡೋದೇ ಇಲ್ಲ.

ಧಾರ್ವಾಡ ಪೇಡೆ

ನಿಂಬಿಹಣ್ಣಿನ ನೀರಾಗ ಹಾಕಿದೆ ರೀ, ಹಳದಿ ಆತು! ನಮ್ಮ ಹುಡುಗ ಈಗ ಸೋಪು ನಿಂಬಿಹಣ್ಣು ಹಿಡ್ಕೊಂಡು ಜಾದೂ ಮಾಡಾಕತ್ತಾನ, ಅವಂಗ ಬಟ್ಟಿಗಿಂತ ಇದs ಆಟ ಆಗೇತಿ. ಈಗ ನನಗೂ ಬಿಳೆ ಸಿಲ್ಕ್ ತಂದು ಬಣ್ಣಾ ಹಾಕೂ ಹುಚ್ಚು ಹತ್ತೇತಿ. ಬೆಂಗಳೂರಿಗೆ ಬಂದಾಗ ಎಲ್ಲಿ ಕೇಳ್ಬೇಕು, ಏನಂತ ಕೇಳ್ಬೇಕು?

ಮಗ್ಗದಮನೆ, ದೊಡ್ಡಬಳ್ಳಾಪುರ

ಚಿಕ್ಕಪೇಟೆ ಕಡೆ ರೇಷ್ಮೆ ತಾನು ಮಾರೋ ಅಂಗಡೀಲಿ ಬಣ್ಣ ಹಾಕಕ್ಕೆ ಬಿಳಿ ಪ್ಯೂರ್ ಸಿಲ್ಕ್ ಬೇಕು, ಡೈಯಬಲ್ ಅಂತ ಕೇಳಿ. ಪ್ಲೇ ಸಿಲ್ಕಿಗೆ ಬಳಸೋ ಬಟ್ಟೆಗೆ ಹಬುಟಾಯಿ ಅಂತಾರೆ, ಸಾದಾ ನೇಯ್ಗೆ, ಹೆಚ್ಚು ಹುರಿ ಇಲ್ಲದ ನೂಲು. ಆ ಹೆಸರು ಗೊತ್ತಾಗದಿದ್ರೆ ಕೈಯಲ್ಲಿ ಹಿಡಿದು ನೋಡಿ, ತೆಳುವಾಗಿ, ಮೆತ್ತಗೆ, ಗೋಂದು ತೆಗೆದಿರೋದು ಬೇಕು. ಆರ್ಗಂಜಾ ಕೊಡ್ತಾರೆ ಬೇಡ, ಅದರಲ್ಲಿ ಗೋಂದು ಉಳಿಸಿರ್ತಾರೆ, ನೆಟ್ಟಗೆ ನಿಂತ್ಕೊಳತ್ತೆ. 44 ಇಂಚು ಪನ್ನ ಇದ್ರೆ ಒಂದು ಮೀಟರ್ ತಗೊಳಿ, ಒಂದು ಚೌಕ ಬರತ್ತೆ.

ಅಪ್ಪಟ ರೇಷ್ಮೆ ಅಂತ ಖಾತ್ರಿ ಕೊಡೋ ಸಿಲ್ಕ್ ಮಾರ್ಕ್ ಚೀಟಿ ಇದ್ರೆ ಒಳ್ಳೇದು, ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ್ದು ಅದು. ಕತ್ತರಿಸಿದ ತಾನಿಗೆ ಚೀಟಿ ಸಿಗದೇ ಇರಬಹುದು, ಆಗ ಅಂಚಿಂದ ಎರಡೆಳೆ ಕೇಳಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿ ತೆಗೆದ್ರೆ ಆರಿ, ಬೂದಿ ಬೆರಳಲ್ಲಿ ಪುಡಿ ಆದ್ರೆ ರೇಷ್ಮೆ. ಕರಗಿ ಗಟ್ಟಿ ಮಣಿ ಆದ್ರೆ ಪಾಲಿಯೆಸ್ಟರ್. ಕಾಗದ ಸುಟ್ಟ ವಾಸನೆ ಬಂದ್ರೆ ರೇಯಾನ್ ಇಲ್ಲಾ ಕಾಟನ್. ವಾರ್ಪು ಒಂದು ವೆಫ್ಟು ಒಂದು ಹಾಕಿ ಮೋಸ ಮಾಡೋದೂ ಇದೆ, ಉದ್ದದ್ದೂ ಅಡ್ಡದ್ದೂ ಎರಡೂ ಎಳೆ ಸುಡಿ.

ಅಂಚು ಟೈಲರ್ ಹತ್ರ ಸಣ್ಣದಾಗಿ ಸುತ್ತಿಸಿ ಹೊಲಿಸಿ, ಹೊಸ ಸೂಜಿ ಹಾಕಕ್ಕೆ ಹೇಳಿ, ಮೊಂಡು ಸೂಜಿ ಎಳೆ ಕಿತ್ತು ಸಾಲಾಗಿ ಗೆರೆ ಬೀಳಿಸತ್ತೆ. ಬಣ್ಣ ಹಾಕೋ ಮುಂಚೆ ಒಂದ್ಸಲ ಶಾಂಪೂಲಿ ಒಗೆದುಬಿಡಿ, ನೇಯುವಾಗಿನ ಎಣ್ಣೆ ಗಂಜಿ ಇದ್ರೆ ಬಣ್ಣ ತೇಪೆ ತೇಪೆ ಹಿಡಿಯತ್ತೆ. ಮಗು ಆಡ್ತಾ ಎಳೆ ಎದ್ದು ಬಂದ್ರೆ ಜಗ್ಗಬೇಡಿ, ಹಿಂದುಗಡೆಗೆ ಸೂಜಿಲಿ ತೂರಿಸಿ ಬಿಡಿ. ಅಂಗಡಿಗೆ ಭಾನುವಾರ ಬರಬೇಡಿ, ಅಲ್ಲಿ ಬಹಳ ಅಂಗಡಿ ಮುಚ್ಚಿರತ್ತೆ.